ಚೈನು, ಹಲ್ಲು, ಏರುದಾರಿ

ಮೋಟಾರ್‌ಸೈಕಲ್ಲಿನ ಗೇರ್‌ಬಾಕ್ಸ್ ದಾಟಿ ಬಂದ ಶಕ್ತಿ ಹಿಂದಿನ ಚಕ್ರವನ್ನು ಎಷ್ಟು ವೇಗವಾಗಿ, ಎಷ್ಟು ಬಲವಾಗಿ ತಿರುಗಿಸಬೇಕೆಂದು ಕೊನೆಯದಾಗಿ ನಿರ್ಧರಿಸುವುದು ಚೈನು ಹಾಯುವ ಎರಡು ಹಲ್ಲುಚಕ್ರಗಳು, ಅಂದರೆ ಸ್ಪ್ರಾಕೆಟ್‌ಗಳು. ಹಿಂದಿನದರ ಹಲ್ಲುಗಳನ್ನು ಮುಂದಿನದರ ಹಲ್ಲುಗಳಿಂದ ಭಾಗಿಸಿದಾಗ ಬರುವ ಅನುಪಾತ ದೊಡ್ಡದಾದರೆ ಏರು ಹತ್ತುವುದು, ಭಾರ ಎಳೆಯುವುದು ಸಲೀಸು. ಚಿಕ್ಕದಾದರೆ ಬಯಲು ರಸ್ತೆಯಲ್ಲಿ ಎಂಜಿನ್ ನಿರಾಳ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ರೋಲರ್ ಚೈನು ರೂಪಿಸಿದ್ದು 1880ರಲ್ಲಿ. ಆದರೂ 20ನೇ ಶತಮಾನದ ಆರಂಭದ ಬ್ರಿಟಿಷ್ ಮೋಟಾರ್‌ಸೈಕಲ್ಲುಗಳಲ್ಲಿ ಹೆಚ್ಚಿನವು ಬೆಲ್ಟನ್ನೇ ನೆಚ್ಚಿಕೊಂಡಿದ್ದವು. ಒಂಟಿ ಸಿಲಿಂಡರಿನ ಕುಲುಕಾಟವನ್ನು ಬೆಲ್ಟು ನುಂಗಿಕೊಳ್ಳುತ್ತಿತ್ತು; ಮಳೆ ಬಂದರೆ ಜಾರುತ್ತಿತ್ತು, ಅದು ಬೇರೆ ಮಾತು. ಗೇರ್‌ಬಾಕ್ಸೇ ಇಲ್ಲದ ಆ ಗಾಡಿಗಳಿಗೆ ಒಂದೇ ಅನುಪಾತ. ಕೆಲವುಗಳಲ್ಲಿ ಬೆಲ್ಟಿನ ಪುಲ್ಲಿಯ ಅಗಲ ಹೊಂದಿಸಬಹುದಿತ್ತಾದರೂ ಅದಕ್ಕೆ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಕಿತ್ತು. ಓಡುತ್ತಿರುವಾಗಲೇ ಅನುಪಾತ ಬದಲಿಸಬಲ್ಲ ಜೆನಿತ್ ಕಂಪನಿಯ ಗ್ರಾಡುವಾ ಗಾಡಿ ಬಂದಾಗ, ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಕೆಲವು ಕ್ಲಬ್ಬುಗಳು ಅದನ್ನು ಹೊರಗಿಟ್ಟವು. ಕಂಪನಿ ಆ ನಿಷೇಧವನ್ನೇ ಜಾಹೀರಾತು ಮಾಡಿಕೊಂಡಿತು.

ಬೆಲ್ಟೋ ಚೈನೋ ಎಂಬ ವಾದಕ್ಕೆ ತೀರ್ಪು ಸಿಕ್ಕಿದ್ದು 1911ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಆ ವರ್ಷ ಅಲ್ಲಿನ ಟಿಟಿ (ಟೂರಿಸ್ಟ್ ಟ್ರೋಫಿ) ಮೋಟಾರ್‌ಸೈಕಲ್ ರೇಸು ಸ್ನೇಫೆಲ್ ಬೆಟ್ಟದ ಹಾದಿಗೆ ಹೊರಳಿತು. ಸಮುದ್ರದಂಚಿನ ರ‍್ಯಾಮ್ಸಿಯಿಂದ ರಸ್ತೆ 400 ಮೀಟರಿಗೂ ಮಿಕ್ಕಿ ಏರುತ್ತದೆ. ಒಂದೇ ಅನುಪಾತ ನಂಬಿ ಅದನ್ನು ಹತ್ತುವುದು ಕಷ್ಟ. ಚೈನು ಮತ್ತು ಎರಡು ಗೇರುಗಳಿದ್ದ ಅಮೆರಿಕದ ಇಂಡಿಯನ್ ಮೋಟಾರ್‌ಸೈಕಲ್ಲುಗಳು ಸೀನಿಯರ್ ರೇಸಿನ ಮೊದಲ ಮೂರು ಸ್ಥಾನಗಳನ್ನೂ ಬಾಚಿಕೊಂಡವು. ಗೆದ್ದವನು ಆಲಿವರ್ ಗಾಡ್‌ಫ್ರೇ. ಬೆಲ್ಟು ತಕ್ಷಣ ಸಾಯಲಿಲ್ಲ. 1914ರ ಸೀನಿಯರ್ ಟಿಟಿ ಬೆಲ್ಟಿನ ರಡ್ಜ್ ಮೋಟಾರ್‌ಸೈಕಲ್ಲಿನ ಪಾಲಾಯಿತು.

ಚೈನು ನೆಲೆಯೂರಿದ ಮೇಲೆ ಹಲ್ಲಿನ ಲೆಕ್ಕ ದಿನಬಳಕೆಗೆ ಬಂತು. ಸೈಡ್‌ಕಾರ್ ಕಟ್ಟುವವರಿಗೆ ಬ್ರಿಟಿಷ್ ಕಂಪನಿಗಳು ಕಡಿಮೆ ಹಲ್ಲಿನ ಎಂಜಿನ್ ಸ್ಪ್ರಾಕೆಟ್ ಕೊಡುತ್ತಿದ್ದವು. ಒಂದೇ ಗೇರಿನ, ಬ್ರೇಕಿಲ್ಲದ ಸ್ಪೀಡ್‌ವೇ ಗಾಡಿಗಳಿಗಂತೂ ಇಂದಿಗೂ ಟ್ರ್ಯಾಕಿನ ಉದ್ದ, ಮಣ್ಣಿನ ಹದ ನೋಡಿ ಸ್ಪ್ರಾಕೆಟ್ ಬದಲಿಸುತ್ತಾರೆ.

ಮದರಾಸಿನಲ್ಲಿ 1950ರ ದಶಕದಿಂದ ತಯಾರಾದ ಬುಲೆಟ್ ಮೋಟಾರ್‌ಸೈಕಲ್ ಈ ಹಲ್ಲಿನ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಬುಲೆಟ್‌ನ ಹಿಂದಿನ 38 ಹಲ್ಲುಗಳು ಬ್ರೇಕ್ ಡ್ರಮ್ಮಿನದೇ ಭಾಗ. ಆದ್ದರಿಂದ ಬದಲಾವಣೆಯೆಲ್ಲ ಮುಂದಿನದರಲ್ಲೇ. ಅಲ್ಲಿ 16 ಹಲ್ಲಿದ್ದರೆ ಅನುಪಾತ 2.38, 17ಕ್ಕೆ 2.24, 18ಕ್ಕೆ 2.11. ಮುಂದೆ ಒಂದು ಹಲ್ಲು ಹೆಚ್ಚಿಸುವುದು ಹಿಂದೆ ಎರಡಕ್ಕಿಂತ ಹೆಚ್ಚು ಹಲ್ಲು ಕಡಿಮೆ ಮಾಡಿದ್ದಕ್ಕೆ ಸಮ. 16ರಿಂದ 17ಕ್ಕೆ ಹೋದರೆ ಎಂಜಿನ್ನಿನ ಅದೇ ಸುತ್ತಿಗೆ ವೇಗ ಸುಮಾರು 6% ಏರುತ್ತದೆ, ಆದರೆ ಘಾಟಿಯಲ್ಲಿ ಗೇರು ಬೇಗ ಇಳಿಸಬೇಕಾಗುತ್ತದೆ. ಹಿಂದೆ ಜನ ಕೂತು, ಸಾಮಾನು ಹೇರಿ ಘಟ್ಟ ಹತ್ತುವವರಿಗೆ 16 ಬಿಡುವುದು ಜಾಣತನವಲ್ಲ. ಕೆಲಸವೂ ಸುಲಭದ್ದಲ್ಲ: ಆ ಪುಟ್ಟ ಸ್ಪ್ರಾಕೆಟ್ ಕೈಗೆ ಸಿಗಬೇಕಾದರೆ ಕ್ಲಚ್ ಬಿಚ್ಚಬೇಕು. ಹೊಸ ಸ್ಪ್ರಾಕೆಟ್ ಕೂತ ಮೇಲೆ ಚೈನಿನ ಬಿಗಿತವನ್ನೂ ಮತ್ತೆ ಹೊಂದಿಸಬೇಕು. ಸ್ಪೀಡೋಮೀಟರಿನ ಕೇಬಲ್ಲು ಮುಂದಿನ ಚಕ್ರಕ್ಕಿರುವ ಈ ಬುಲೆಟ್‌ನಲ್ಲಿ ವೇಗದ ಓದು ಸರಿಯಾಗಿಯೇ ಉಳಿಯುತ್ತದೆ. ಗೇರ್‌ಬಾಕ್ಸಿನ ತುದಿಯಲ್ಲಿ ವೇಗ ಅಳೆಯುವ ಬೈಕುಗಳಲ್ಲಿ ಮಾತ್ರ ಮುಂದಿನ ಹಲ್ಲು ಹೆಚ್ಚಿಸಿದರೆ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.