ಸೀಸ-ಕ್ಯಾಲ್ಸಿಯಂ ದ್ರವ ಬ್ಯಾಟರಿ

ಸೀಸ-ಕ್ಯಾಲ್ಸಿಯಂ ದ್ರವ ಬ್ಯಾಟರಿಯು ಸೀಸ-ಆಮ್ಲ ಬ್ಯಾಟರಿಗಳ ಒಂದು ಬಗೆ. ಇದರ ಪ್ಲೇಟುಗಳ ಜಾಲರಿಯನ್ನು ಅತ್ಯಲ್ಪ ಪ್ರಮಾಣದ ಕ್ಯಾಲ್ಸಿಯಂ ಬೆರೆಸಿದ ಸೀಸದಿಂದ ಎರಕ ಹೊಯ್ಯಲಾಗುತ್ತದೆ. ಪ್ಲೇಟುಗಳು ಸಾರಗುಂದಿಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಆಮ್ಲವು ದ್ರವರೂಪದಲ್ಲಿಯೇ ಇರುವುದರಿಂದ ಮುಚ್ಚಳ ತೆಗೆದು ಅದರ ಮಟ್ಟ ಮತ್ತು ಸಾಂದ್ರತೆಗಳನ್ನು ಪರೀಕ್ಷಿಸಬಹುದು, ಕಡಿಮೆಯಾದ ನೀರನ್ನು ತುಂಬಬಹುದು. ಮುಚ್ಚಿದ ಬಗೆಯ ಬ್ಯಾಟರಿಗಳಲ್ಲಿ ಈ ಅನುಕೂಲವಿಲ್ಲ. ವಿದ್ಯುತ್ ಉಪಕೇಂದ್ರ, ದೂರವಾಣಿ ವಿನಿಮಯ ಕೇಂದ್ರ, ಕಾರ್ಖಾನೆ ಮೊದಲಾದೆಡೆ ಮುಖ್ಯ ಪೂರೈಕೆ ನಿಂತಾಗ ನೆರವಾಗುವ ಸ್ಥಾಯಿ ಬ್ಯಾಟರಿಯಾಗಿ ಇದು ಬಳಕೆಯಲ್ಲಿದೆ.

ಹೆಸರನ್ನು ನೋಡಿ ಇದರಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದೆ ಎಂದು ಭಾವಿಸಬಾರದು. ಮಿಶ್ರಲೋಹದಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇಕಡ 0.1ನ್ನೂ ಮೀರುವುದಿಲ್ಲ. ಆದರೂ ಬ್ಯಾಟರಿಯ ಗುಣ ಮತ್ತು ದೋಷಗಳೆರಡೂ ಈ ಅಲ್ಪಾಂಶದಿಂದಲೇ ನಿರ್ಧಾರವಾಗುತ್ತವೆ.

ಜಾಲರಿಯ ಲೋಹ

ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲ ಬ್ಯಾಟರಿಯನ್ನು ರೂಪಿಸಿದನು. ಶುದ್ಧ ಸೀಸವು ಬಹಳ ಮೃದುವಾದ ಲೋಹ. ತೆಳುವಾದ ಜಾಲರಿಯಾಗಿ ಎರಕ ಹೊಯ್ದರೆ ತನ್ನ ಭಾರಕ್ಕೇ ಬಾಗುತ್ತದೆ. ಅದನ್ನು ಗಟ್ಟಿಗೊಳಿಸಲು ದೀರ್ಘಕಾಲ ಆಂಟಿಮನಿಯನ್ನು ಬೆರೆಸಲಾಗುತ್ತಿತ್ತು. ಆಂಟಿಮನಿಯು ಎರಕಕ್ಕೆ ಒಳ್ಳೆಯದು. ಧನ ಪ್ಲೇಟಿನ ಸಕ್ರಿಯ ದ್ರವ್ಯವು ಜಾಲರಿಯನ್ನು ಬಿಗಿಯಾಗಿ ಹಿಡಿದಿರುವುದಕ್ಕೂ ನೆರವಾಗುತ್ತದೆ. ಆದರೆ ಕಾಲಕ್ರಮದಲ್ಲಿ ಅದು ಧನ ಜಾಲರಿಯಿಂದ ಆಮ್ಲಕ್ಕೆ ಕರಗಿ ಬಂದು ಋಣ ಪ್ಲೇಟಿನ ಮೇಲೆ ಕೂರುತ್ತದೆ. ಆಗ ಅಲ್ಲಿ ಜಲಜನಕ ಬಿಡುಗಡೆಯಾಗುವುದು ಸುಲಭವಾಗುತ್ತದೆ. ಪರಿಣಾಮವಾಗಿ ವರ್ಷದಿಂದ ವರ್ಷಕ್ಕೆ ಬ್ಯಾಟರಿ ಎಳೆಯುವ ಫ್ಲೋಟ್ ಪ್ರವಾಹವೂ ಬೇಡುವ ನೀರೂ ಏರುತ್ತವೆ.

ದೂರವಾಣಿ ಕೇಂದ್ರಗಳಲ್ಲಿ ಹಗಲಿರುಳು ಚಾರ್ಜರಿಗೆ ಜೋಡಿಸಿಯೇ ಇರುವ ಬ್ಯಾಟರಿಗಳಿಗೆ ಇದು ದೊಡ್ಡ ತೊಡಕಾಗಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಿಂಗ್ ಮತ್ತು ಥಾಮಸ್ 1935ರಲ್ಲಿ ಸೀಸ, ಸೀಸ-ಆಂಟಿಮನಿ ಹಾಗೂ ಸೀಸ-ಕ್ಯಾಲ್ಸಿಯಂ ಜಾಲರಿಗಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನವು ಪರ್ಯಾಯವೊಂದನ್ನು ತೋರಿಸಿತು. ಕ್ಯಾಲ್ಸಿಯಂ ಜಾಲರಿಗೆ ಗಟ್ಟಿತನವನ್ನು ಕೊಡುತ್ತದೆ, ಆದರೆ ಋಣ ಪ್ಲೇಟನ್ನು ಕೆಡಿಸುವುದಿಲ್ಲ. ಇಂತಹ ಬ್ಯಾಟರಿಯ ಫ್ಲೋಟ್ ಪ್ರವಾಹ ಬಹಳ ಕಡಿಮೆ. ಬ್ಯಾಟರಿಯ ಆಯುಷ್ಯದುದ್ದಕ್ಕೂ ಅದು ಹೆಚ್ಚುಕಡಿಮೆ ಸ್ಥಿರವಾಗಿಯೇ ಉಳಿಯುತ್ತದೆ.

ಇದರ ದೋಷವೂ ಅಲ್ಲಿಯೇ ಇದೆ. ಆಂಟಿಮನಿಯಿಲ್ಲದ ಧನ ಪ್ಲೇಟಿನಲ್ಲಿ ಜಾಲರಿಗೂ ಸಕ್ರಿಯ ದ್ರವ್ಯಕ್ಕೂ ನಡುವಿನ ಹಿಡಿತವು ಮತ್ತೆ ಮತ್ತೆ ನಡೆಯುವ ಆಳವಾದ ವಿಸರ್ಜನೆಯಿಂದ ಸಡಿಲಗೊಳ್ಳುತ್ತದೆ. ತಪ್ಪು ಕೆಲಸಕ್ಕೆ ಹಾಕಿದ ಸೀಸ-ಕ್ಯಾಲ್ಸಿಯಂ ಬ್ಯಾಟರಿಯು ಹೊರಗಿನಿಂದ ಹೊಸದರಂತೆಯೇ ಕಾಣುತ್ತಾ ಸಾಮರ್ಥ್ಯವನ್ನು ಬೇಗನೆ ಕಳೆದುಕೊಳ್ಳುವುದುಂಟು.

ಉತ್ತರ ಬೆಂಗಳೂರಿನ ಸನ್ನಿವೇಶ

ಯಲಹಂಕ, ಹೆಬ್ಬಾಳ, ಯಶವಂತಪುರ ಮತ್ತು ಆರ್.ಟಿ. ನಗರಗಳನ್ನು ಒಳಗೊಂಡ ಉತ್ತರ ಬೆಂಗಳೂರಿನಲ್ಲಿ ಸ್ಥಾಯಿ ಬ್ಯಾಟರಿಯನ್ನು ಬೇಡುವ ಎಲ್ಲ ಬಗೆಯ ಕೆಲಸಗಳೂ ಇವೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಯಲಹಂಕದ ರೈಲು ಗಾಲಿ ಕಾರ್ಖಾನೆಯಂತಹ ದೊಡ್ಡ ಉದ್ಯಮಗಳಿವೆ. ಯಶವಂತಪುರದಾಚೆ ಪೀಣ್ಯದ ಸಣ್ಣ ಕೈಗಾರಿಕೆಗಳಿವೆ. ಉಪಕೇಂದ್ರಗಳು, ರೈಲು ನಿಲ್ದಾಣಗಳು, ಆಸ್ಪತ್ರೆಗಳು, ವಸತಿ ಸಮುಚ್ಚಯಗಳಿವೆ. ಬ್ಯಾಟರಿ ಎಂಬ ಒಂದೇ ಹೆಸರಿನಡಿ ಇವುಗಳಲ್ಲಿ ನಡೆಯುವ ಕೆಲಸ ಬೇರೆಬೇರೆ.

ಉಪಕೇಂದ್ರದಲ್ಲಿ ಬ್ಯಾಟರಿಯು ವರ್ಷವಿಡೀ ಫ್ಲೋಟ್ ಸ್ಥಿತಿಯಲ್ಲಿರುತ್ತದೆ. ಮಾರ್ಗದಲ್ಲಿ ದೋಷ ಉಂಟಾದಾಗ ಸರ್ಕ್ಯೂಟ್ ಬ್ರೇಕರನ್ನು ಬಿಡಿಸುವ ಸುರುಳಿಗೆ ಪ್ರವಾಹ ಬರುವುದು ಈ ಬ್ಯಾಟರಿಯಿಂದ. ದೋಷದ ಹೊತ್ತಿನಲ್ಲಿ ಪೂರೈಕೆಯ ವೋಲ್ಟೇಜೇ ಕುಸಿದಿರುವುದರಿಂದ ಆ ಕ್ಷಣಕ್ಕೆ ಬೇರೆ ಆಸರೆಯಿಲ್ಲ. ಬ್ಯಾಟರಿ ಸತ್ತಿದ್ದರೆ ರಿಲೇ ದೋಷವನ್ನು ಗುರುತಿಸಿದರೂ ಬ್ರೇಕರ್ ತೆರೆಯದು; ಟ್ರಾನ್ಸ್‌ಫಾರ್ಮರ್ ಸುಡುವವರೆಗೆ ಪ್ರವಾಹ ಹರಿಯಬಹುದು. ಅಪರೂಪಕ್ಕೆ ಬೇಕಾಗುವ, ಆದರೆ ಬೇಕಾದಾಗ ತಪ್ಪಲೇಬಾರದ ಇಂತಹ ಕೆಲಸಕ್ಕೆ ಸೀಸ-ಕ್ಯಾಲ್ಸಿಯಂ ಹೇಳಿಮಾಡಿಸಿದಂತಿದೆ.

ಬೇಸಿಗೆಯಲ್ಲಿ ಮತ್ತು ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ವಾರಕ್ಕೆ ಹಲವು ಬಾರಿ ಗಂಟೆಗಟ್ಟಲೆ ವಿದ್ಯುತ್ ಕಡಿತವಾಗುವ, ಜನರೇಟರ್ ಇಲ್ಲದ ಸಣ್ಣ ಕಾರ್ಖಾನೆಯ ಪರಿಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿನ ಬ್ಯಾಟರಿ ನಿಜವಾಗಿ ಮೀಸಲು ಬ್ಯಾಟರಿಯಲ್ಲ, ದಿನಗೂಲಿ ಬ್ಯಾಟರಿ. ಅಂತಹ ಕಡೆ ಕಡಿಮೆ ಆಂಟಿಮನಿಯ ಟ್ಯೂಬುಲರ್ ಬ್ಯಾಟರಿಯೇ ತಕ್ಕದ್ದು. ನೀರು ಹೆಚ್ಚು ಕುಡಿದರೂ ಬಾಳಿಕೆ ಬರುತ್ತದೆ. ಅದೇ ಕಾರ್ಖಾನೆಗೆ ತಾನಾಗಿ ಚಾಲೂ ಆಗುವ ಡೀಸೆಲ್ ಜನರೇಟರ್ ಇದ್ದರೆ ಬ್ಯಾಟರಿ ಹೊರಬೇಕಾದ್ದು ಕೆಲವೇ ನಿಮಿಷಗಳ ಭಾರ. ಆಗ ಸೀಸ-ಕ್ಯಾಲ್ಸಿಯಂ ಮತ್ತೆ ಪರಿಗಣನೆಗೆ ಅರ್ಹವಾಗುತ್ತದೆ. ಆದ್ದರಿಂದ ಖರೀದಿಗೆ ಮುನ್ನ ಕಳೆದ ಒಂದು ವರ್ಷದಲ್ಲಿ ಎಷ್ಟು ಬಾರಿ, ಎಷ್ಟು ಹೊತ್ತು ವಿದ್ಯುತ್ ಹೋಗಿತ್ತು ಎಂಬ ದಾಖಲೆಯನ್ನು ನೋಡುವುದು ಬೆಲೆಪಟ್ಟಿ ನೋಡುವುದಕ್ಕಿಂತ ಮುಖ್ಯ.

ಭಾರತದಲ್ಲಿ ದ್ರವ ಬಗೆಯ ಸ್ಥಾಯಿ ಬ್ಯಾಟರಿಗಳಲ್ಲಿ ಟ್ಯೂಬುಲರ್ ಪ್ಲೇಟಿನವು (ಐಎಸ್ 1651) ಮತ್ತು ಪ್ಲಾಂಟೆ ಪ್ಲೇಟಿನವು (ಐಎಸ್ 1652) ಹೆಚ್ಚು ರೂಢಿಯಲ್ಲಿವೆ. ಕ್ಯಾಲ್ಸಿಯಂ ಮಿಶ್ರಲೋಹ ಇಲ್ಲಿ ಹೆಚ್ಚಾಗಿ ಕಾಣುವುದು ಮುಚ್ಚಿದ ಬ್ಯಾಟರಿಗಳಲ್ಲಿ. ಧನ ಜಾಲರಿಗೆ ಕಡಿಮೆ ಆಂಟಿಮನಿ, ಋಣ ಜಾಲರಿಗೆ ಕ್ಯಾಲ್ಸಿಯಂ ಬಳಸಿದ ಮಿಶ್ರ ಬಗೆಯೂ ಉಂಟು. ಮಾರಾಟದ ಹಾಳೆಯಲ್ಲಿ ‘ಕ್ಯಾಲ್ಸಿಯಂ’ ಎಂದಷ್ಟೇ ಇದ್ದರೆ ಅದು ಯಾವ ಪ್ಲೇಟಿನದು ಎಂದು ಕೇಳಿ ತಿಳಿಯಬೇಕು.

ಸಾಮರ್ಥ್ಯ ಮತ್ತು ಸೆಲ್ಲುಗಳ ಸಂಖ್ಯೆ

ಭಾರತೀಯ ರೂಢಿಯಲ್ಲಿ ಸಾಮರ್ಥ್ಯವನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಗಂಟೆಗಳ ವಿಸರ್ಜನೆಗೆ ಹೇಳಲಾಗುತ್ತದೆ. ಕಡಿಮೆ ಅವಧಿಯಲ್ಲಿ ಹೀರಿದರೆ ಒಟ್ಟು ಸಿಗುವುದೂ ಕಡಿಮೆ. ಒಂದು ಉದಾಹರಣೆ: 110 ವೋಲ್ಟ್ ವ್ಯವಸ್ಥೆಯೊಂದರಲ್ಲಿ 12 ಆಂಪಿಯರ್ ಭಾರವನ್ನು 5 ಗಂಟೆ ಹೊರಬೇಕು. ಬೇಕಾದ್ದು 60 ಆಂಪಿಯರ್-ಗಂಟೆ. 5 ಗಂಟೆಯ ದರದಲ್ಲಿ ಬ್ಯಾಟರಿಯು ತನ್ನ ಸಾಮರ್ಥ್ಯದ ಶೇಕಡ 83ನ್ನು ಕೊಡುತ್ತದೆ ಎಂದು ತಯಾರಕರ ಪಟ್ಟಿ ಹೇಳಿದರೆ 60ನ್ನು 0.83ರಿಂದ ಭಾಗಿಸಬೇಕು, ಸುಮಾರು 72. ಮುಪ್ಪಿನಲ್ಲಿ ಸಾಮರ್ಥ್ಯ ಶೇಕಡ 80ಕ್ಕೆ ಇಳಿದಾಗಲೂ ಕೆಲಸ ನಡೆಯಬೇಕಾದ್ದರಿಂದ 1.25ರಿಂದ ಗುಣಿಸಿದರೆ 90. ಮುಂದೆ ಸೇರಬಹುದಾದ ಭಾರಕ್ಕೆ ಶೇಕಡ 10, ಬೆಂಗಳೂರಿನ ಜನವರಿಯ ತಂಪಿಗೆ ಶೇಕಡ 5 ಸೇರಿಸಿದರೆ 104. ಸಿಗುವ ಮುಂದಿನ ಗಾತ್ರ 120 ಆಗಿದ್ದರೆ ಅದನ್ನೇ ಆರಿಸಬೇಕು. 100ಕ್ಕೆ ‘ಹೊಂದಿಸಿಕೊಳ್ಳುವುದು’ ಎಂದರೆ ಮುಪ್ಪಿಗಾಗಿ ಇಟ್ಟ ಮೀಸಲನ್ನು ಮೊದಲ ದಿನವೇ ಮುಟ್ಟಿದಂತೆ.

ಹಳೆಯ ಆಂಟಿಮನಿ ಬ್ಯಾಟರಿಯ ಜಾಗಕ್ಕೆ ಸೀಸ-ಕ್ಯಾಲ್ಸಿಯಂ ತರುವಾಗ ಸೆಲ್ಲುಗಳ ಸಂಖ್ಯೆಯಲ್ಲಿ ಎಡವುವುದು ಸಾಮಾನ್ಯ. ಒಂದು ಸೆಲ್ಲಿನ ನಾಮಾಂಕಿತ ವೋಲ್ಟೇಜ್ 2 ಆದ್ದರಿಂದ 110 ವೋಲ್ಟಿಗೆ 55 ಸೆಲ್ಲುಗಳನ್ನಿಡುವುದು ರೂಢಿ; ರೈಲ್ವೆ ಸಂಕೇತ ವ್ಯವಸ್ಥೆಯ 110 ವೋಲ್ಟ್ ಪೂರೈಕೆಯಲ್ಲಿಯೂ 55 ಸೆಲ್ಲುಗಳೇ ಇರುತ್ತವೆ. ಆಂಟಿಮನಿ ಸೆಲ್ಲಿಗೆ 2.16 ವೋಲ್ಟ್ ಫ್ಲೋಟ್ ಕೊಟ್ಟರೆ ಒಟ್ಟು 118.8 ವೋಲ್ಟ್ ಆಗುತ್ತದೆ. ರಿಲೇ ಮತ್ತು ಸುರುಳಿಗಳು ತಾಳುವ ಮಿತಿ ಶೇಕಡ 110, ಅಂದರೆ 121 ವೋಲ್ಟ್. ಸೀಸ-ಕ್ಯಾಲ್ಸಿಯಂ ಸೆಲ್ಲಿಗೆ 2.25 ವೋಲ್ಟ್ ಬೇಕಿದ್ದರೆ 55 ಸೆಲ್ಲುಗಳಿಗೆ 123.75 ಆಗಿ ಮಿತಿ ಮೀರುತ್ತದೆ. ಇದನ್ನು ತಪ್ಪಿಸಲು ಚಾರ್ಜರನ್ನು ತಗ್ಗಿಸಿದರೆ ಸೆಲ್ಲುಗಳು ಎಂದೂ ಪೂರ್ತಿ ತುಂಬದೆ ಗಂಧಕೀಕರಣಕ್ಕೆ ಒಳಗಾಗುತ್ತವೆ. ಸರಿಯಾದ ದಾರಿಯೆಂದರೆ 53 ಸೆಲ್ಲುಗಳನ್ನು ಬಳಸುವುದು: ಫ್ಲೋಟ್ 119.25 ವೋಲ್ಟ್, 1.85 ವೋಲ್ಟಿಗೆ ಇಳಿದಾಗಲೂ ಒಟ್ಟು 98 ವೋಲ್ಟ್ ಉಳಿಯುತ್ತದೆ. ಸಾಧನಗಳಿಗೆ ಬೇಕಾದ ಕನಿಷ್ಠ ಶೇಕಡ 85 (93.5 ವೋಲ್ಟ್) ಆದರೆ ಕೇಬಲ್ಲಿನಲ್ಲಿ ಕಳೆಯಲು 4.5 ವೋಲ್ಟ್ ಸಿಗುತ್ತದೆ. ಬೂಸ್ಟ್ ಚಾರ್ಜ್ ಮಾಡುವಾಗ ಭಾರವನ್ನು ಪ್ರತ್ಯೇಕಿಸುವ ಏರ್ಪಾಡು ಎರಡು ಬಗೆಗೂ ಬೇಕು.

ತಾಪದ ಪ್ರಭಾವ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಬ್ಯಾಟರಿಗೆ ಒಟ್ಟಿನಲ್ಲಿ ಹಿತಕರ. ಆದರೆ 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿಗೆ ಏರಿತ್ತು ಎಂಬುದನ್ನೂ ಮರೆಯುವಂತಿಲ್ಲ. ವರ್ಷವಿಡೀ 25 ಡಿಗ್ರಿಗಿಂತ ಸುಮಾರು 8 ಡಿಗ್ರಿ ಹೆಚ್ಚು ಬಿಸಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ತಾರಸಿಯ ಮೇಲಿನ ತಗಡಿನ ಚಾವಣಿಯ ಕೋಣೆ, ಜನರೇಟರಿನ ಬಿಸಿಗಾಳಿ ತಾಗುವ ಗೋಡೆ, ಪಶ್ಚಿಮದ ಬಿಸಿಲು ನೇರ ಬೀಳುವ ಕಿಟಕಿ ಇವು ಊರಿನ ತಂಪನ್ನು ನಿಷ್ಫಲಗೊಳಿಸುತ್ತವೆ. ಸಾಲಿನ ಒಂದು ತುದಿಗೆ ಮಾತ್ರ ಬಿಸಿಲು ಬಿದ್ದರೆ ಅಲ್ಲಿನ ಸೆಲ್ಲುಗಳು ಉಳಿದವುಗಳಿಗಿಂತ ಬೇಗ ಸೊರಗುತ್ತವೆ.

ನೀರು

ನೀರು ಅಪರೂಪಕ್ಕೆ ಬೇಕಾಗುವುದೇ ಈ ಬ್ಯಾಟರಿಯ ಹೆಗ್ಗಳಿಕೆ. ಅದನ್ನು ಪೂರ್ತಿ ಮರೆಯುವುದಕ್ಕೂ ಅದೇ ಕಾರಣ. ಮಟ್ಟವು ಕೆಳಗೆರೆಗಿಂತ ಇಳಿದು ಪ್ಲೇಟಿನ ತಲೆ ಗಾಳಿಗೆ ಒಡ್ಡಿದರೆ ಆ ಭಾಗ ಮತ್ತೆ ಮೊದಲಿನಂತಾಗದು. ತುಂಬಬೇಕಾದ್ದು ಐಎಸ್ 1069ಕ್ಕೆ ಒಪ್ಪುವ ಡಿಸ್ಟಿಲ್ಡ್ ವಾಟರ್ ಅಥವಾ ಖನಿಜ ತೆಗೆದ ನೀರು ಮಾತ್ರ. ಉತ್ತರ ಬೆಂಗಳೂರಿನ ಬಹುಪಾಲು ಕೊಳವೆಬಾವಿಗಳ ನೀರು ಗಡಸು. ಕಾವೇರಿ ನೀರು ಕುಡಿಯಲು ಎಷ್ಟೇ ಯೋಗ್ಯವಾದರೂ ಅದರಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಕ್ಯಾನುಗಳ ಆರ್‌ಒ ನೀರಿನಲ್ಲಿಯೂ ಲವಣಾಂಶ ಉಳಿದಿರುತ್ತದೆ. ಕ್ಲೋರೈಡ್ ಧನ ಜಾಲರಿಯನ್ನು ಕೊರೆಯುತ್ತದೆ, ಕಬ್ಬಿಣದ ಅಂಶವು ಬ್ಯಾಟರಿ ತಾನಾಗಿ ಖಾಲಿಯಾಗುವುದನ್ನು ಹೆಚ್ಚಿಸುತ್ತದೆ. ಮಟ್ಟ ಇಳಿದಾಗ ಆಮ್ಲವನ್ನು ಸೇರಿಸಬಾರದು. ಆವಿಯಾಗಿ ಮತ್ತು ಅನಿಲವಾಗಿ ಹೋಗಿರುವುದು ನೀರೇ ಹೊರತು ಆಮ್ಲವಲ್ಲ.

ಅಳತೆಗಳು

ಪ್ರತಿ ತಿಂಗಳು ಒಟ್ಟು ಫ್ಲೋಟ್ ವೋಲ್ಟೇಜ್, ಫ್ಲೋಟ್ ಪ್ರವಾಹ, ಕೋಣೆಯ ತಾಪ, ಆಮ್ಲದ ಮಟ್ಟ ಮತ್ತು ಮಾದರಿಯಾಗಿ ಆರಿಸಿದ ಸೆಲ್ಲಿನ ವೋಲ್ಟೇಜನ್ನು ಬರೆದಿಡುವುದು ಐಇಇಇ 450 ಶಿಫಾರಸು ಮಾಡುವ ಕ್ರಮ. ಮೂರು ತಿಂಗಳಿಗೊಮ್ಮೆ ಎಲ್ಲ ಸೆಲ್ಲುಗಳ ವೋಲ್ಟೇಜನ್ನೂ ನೋಡಬೇಕು. 1.215 ಸಾಂದ್ರತೆಯ ಸೀಸ-ಕ್ಯಾಲ್ಸಿಯಂ ಸೆಲ್ಲು ಫ್ಲೋಟ್‌ನಲ್ಲಿ 2.13 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನು ಹಾಗೆಯೇ ಬಿಡುವಂತಿಲ್ಲ. ತಯಾರಕರು ಹೇಳಿದ ಮಟ್ಟದಲ್ಲಿ, ಸಾಮಾನ್ಯವಾಗಿ 2.33ರಿಂದ 2.38 ವೋಲ್ಟ್‌ನಲ್ಲಿ, ಸಮೀಕರಣ ಚಾರ್ಜ್ ಮಾಡಬೇಕು.

ಹೈಡ್ರೋಮೀಟರಿನ ಓದಿಕೆಯನ್ನು ಈ ಬಗೆಯಲ್ಲಿ ಎಚ್ಚರದಿಂದ ಅರ್ಥೈಸಬೇಕು. ಚಾರ್ಜ್ ಆಗುವಾಗ ಪ್ಲೇಟುಗಳಿಂದ ಹೊರಬರುವ ಭಾರವಾದ ಆಮ್ಲವು ತಳಕ್ಕೆ ಇಳಿಯುತ್ತದೆ. ಆಂಟಿಮನಿ ಸೆಲ್ಲಿನಲ್ಲಿ ಏಳುವ ಗುಳ್ಳೆಗಳು ಅದನ್ನು ಕಲಕುತ್ತವೆ. ಕ್ಯಾಲ್ಸಿಯಂ ಸೆಲ್ಲಿನಲ್ಲಿ ಗುಳ್ಳೆಗಳೇ ಕಡಿಮೆ. ಹೀಗಾಗಿ ಪೂರ್ತಿ ಚಾರ್ಜ್ ಆದ ಮೇಲೂ ಮೇಲ್ಭಾಗದ ಸಾಂದ್ರತೆ ವಾರಗಟ್ಟಲೆ ಕಡಿಮೆ ತೋರಬಹುದು. ಆಗತಾನೆ ತುಂಬಿದ ನೀರೂ ಮೇಲೆಯೇ ನಿಂತಿರುತ್ತದೆ. ಇದನ್ನು ಅರಿಯದೆ ಆಮ್ಲ ಸುರಿದು ಒಳ್ಳೆಯ ಸೆಲ್ಲನ್ನು ಕೆಡಿಸುವವರುಂಟು. ತಾಪದ ತಿದ್ದುಪಡಿಯೂ ಬೇಕು: 27 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ ಓದಿಕೆಗೆ 0.0007 ಕೂಡಿಸಬೇಕು, ಕೆಳಗಿನದಕ್ಕೆ ಕಳೆಯಬೇಕು.

ಪಾರದರ್ಶಕ ಡಬ್ಬಿಯ ಸೆಲ್ಲುಗಳಿದ್ದರೆ ಟಾರ್ಚೊಂದೇ ಬಹಳಷ್ಟನ್ನು ಹೇಳುತ್ತದೆ. ಆರೋಗ್ಯವಂತ ಧನ ಪ್ಲೇಟು ಕಡು ಕಂದು, ಋಣ ಪ್ಲೇಟು ಬೂದು. ಬೆಳಕಿಗೆ ಮಿನುಗುವ ಹರಳುಗಳು ಕಂಡರೆ ಚಾರ್ಜ್ ಸಾಲುತ್ತಿಲ್ಲವೆಂದು ತಿಳಿಯಬೇಕು. ಧನ ಜಾಲರಿ ವರ್ಷಗಳಲ್ಲಿ ಹಿಗ್ಗುವುದು ಸಹಜ. ಅದು ಮುಚ್ಚಳವನ್ನೋ ಧ್ರುವಕಂಬವನ್ನೋ ಮೇಲೆತ್ತಿದ್ದರೆ ಸೆಲ್ಲು ಕೊನೆಗಾಲಕ್ಕೆ ಬಂದಿದೆ.

ಈ ಎಲ್ಲ ಅಳತೆಗಳೂ ಸರಿಯಿದ್ದು ಸಾಮರ್ಥ್ಯ ಮಾತ್ರ ಇಲ್ಲದಿರುವುದು ಸಾಧ್ಯ. ಅದನ್ನು ತಿಳಿಯಲು ನಿಜವಾದ ಭಾರ ಹಾಕಿ ಖಾಲಿ ಮಾಡುವ ಪರೀಕ್ಷೆಯೊಂದೇ ದಾರಿ. ಅಳವಡಿಸಿದಾಗ, ಮೊದಲ ಎರಡು ವರ್ಷಗಳೊಳಗೆ, ಅನಂತರ ನಿಗದಿತ ಅಂತರದಲ್ಲಿ ಇದನ್ನು ನಡೆಸಬೇಕು. ಸಾಮರ್ಥ್ಯ ಶೇಕಡ 80ಕ್ಕೆ ಇಳಿದರೆ ಬ್ಯಾಟರಿಯನ್ನು ಬದಲಿಸಬೇಕು. ಅಲ್ಲಿಂದಾಚೆಗೆ ಕುಸಿತ ವೇಗವಾಗಿರುತ್ತದೆ.

ಕೋಣೆ ಮತ್ತು ಸುರಕ್ಷತೆ

ಪೂರ್ತಿ ತುಂಬಿದ ಸೆಲ್ಲಿಗೆ ಕೊಟ್ಟ ಪ್ರತಿ ಆಂಪಿಯರ್-ಗಂಟೆಯೂ ಸುಮಾರು 0.42 ಲೀಟರ್ ಜಲಜನಕವನ್ನು ಬಿಡುಗಡೆ ಮಾಡುತ್ತದೆ. ಬೆಂಗಳೂರಿನ ಎತ್ತರ ಮತ್ತು ತಾಪಕ್ಕೆ ಇದು ಅರ್ಧ ಲೀಟರಿನಷ್ಟಾಗುತ್ತದೆ. 53 ಸೆಲ್ಲುಗಳ ಸಾಲಿಗೆ 2 ಆಂಪಿಯರ್ ಸಮೀಕರಣ ಪ್ರವಾಹ ಹರಿಯುತ್ತಿದ್ದರೆ ಗಂಟೆಗೆ 53 ಲೀಟರ್. 30 ಘನಮೀಟರಿನ ಮುಚ್ಚಿದ ಕೋಣೆಯಲ್ಲಿ ಆರು ಗಂಟೆಯೊಳಗೆ ಜಲಜನಕ ಶೇಕಡ 1ನ್ನು ಮುಟ್ಟುತ್ತದೆ. ಶೇಕಡ 4ಕ್ಕೆ ಅದು ಹೊತ್ತಿಕೊಳ್ಳಬಲ್ಲದು. ಚಾವಣಿಯ ಮೂಲೆಯಲ್ಲಿ ಆ ಮಟ್ಟ ಇನ್ನೂ ಬೇಗ ಬರಬಹುದು. ಗಾಳಿ ಹೊರಹೋಗುವ ಕಿಂಡಿಯು ಆದಷ್ಟು ಎತ್ತರದಲ್ಲಿರಬೇಕು. ಫ್ಯಾನ್ ಕೆಟ್ಟಿದ್ದರೆ ಸಮೀಕರಣ ಚಾರ್ಜ್ ಆರಂಭಿಸಬಾರದು.

ಕೆಲಸಗಾರರು ಕನ್ನಡಕ, ರಬ್ಬರ್ ಕೈಗವಸು ಧರಿಸಬೇಕು. ಉಂಗುರ, ಲೋಹದ ಕೈಗಡಿಯಾರಗಳನ್ನು ತೆಗೆದಿಡಬೇಕು. ಚೆಲ್ಲಿದ ಆಮ್ಲಕ್ಕೆ ಅಡುಗೆ ಸೋಡದ ದ್ರಾವಣ ಸಾಕು, ಆದರೆ ಅದು ಸೆಲ್ಲಿನೊಳಗೆ ಹೋಗಬಾರದು. ಕಣ್ಣಿಗೆ ಸಿಡಿದರೆ ನೀರಿನಿಂದ ಮಾತ್ರ ತೊಳೆಯುತ್ತಲೇ ಇರಬೇಕು, ಕೂಡಲೇ ವೈದ್ಯರನ್ನು ಕಾಣಬೇಕು.

ವಿಲೇವಾರಿ

ಹಳೆಯ ಬ್ಯಾಟರಿಯ ಸೀಸವನ್ನು ಬಹುಪಾಲು ಮರಳಿ ಬಳಸಬಹುದಾದ್ದರಿಂದ ಅದಕ್ಕೆ ಒಳ್ಳೆಯ ಗುಜರಿ ಬೆಲೆಯಿದೆ. ಬೆಲೆಯ ಆಸೆಗೆ ಅದನ್ನು ಬೀದಿಬದಿಯಲ್ಲಿ ಒಡೆದು ಕರಗಿಸುವವರ ಕೈಗೆ ಕೊಟ್ಟರೆ ಸೀಸದ ಹೊಗೆ ಮತ್ತು ದೂಳು ಸುತ್ತಲಿನವರ, ವಿಶೇಷವಾಗಿ ಮಕ್ಕಳ, ರಕ್ತವನ್ನು ಸೇರುತ್ತದೆ. ಚರಂಡಿಗೆ ಸುರಿದ ಆಮ್ಲದಲ್ಲಿಯೂ ಸೀಸದ ಕೆಸರು ಇರುತ್ತದೆ. ಈ ಭಾಗದ ರಾಜಕಾಲುವೆಗಳು ಕೆರೆಯಿಂದ ಕೆರೆಗೆ ಹರಿಯುತ್ತವೆ, ಹೆಬ್ಬಾಳ ಕೆರೆಯ ಹೆಚ್ಚುವರಿ ನೀರು ನಾಗವಾರ ಕೆರೆಯನ್ನು ಸೇರುತ್ತದೆ. 2001ರ ನಿಯಮಗಳ ಸ್ಥಾನದಲ್ಲಿ ಬಂದಿರುವ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಕೆದಾರರು ಹಳೆಯ ಬ್ಯಾಟರಿಗಳನ್ನು ಬೇರೆ ಕಸದೊಂದಿಗೆ ಬೆರೆಸದೆ ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗಳಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಸೆಲ್ಲುಗಳನ್ನು ಬರಿದು ಮಾಡದೆ, ಮುಚ್ಚಳ ಬಿಗಿದು, ಧ್ರುವಗಳಿಗೆ ಹೊದಿಕೆ ಹಾಕಿ, ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು.