ಆಸ್ಪತ್ರೆಯ ಪರದೆ, ದುಡಿಯುವವರ ಮನಸ್ಸು

ಆಸ್ಪತ್ರೆಗೆ ಕಂಪ್ಯೂಟರ್ ಬಂದರೆ ರೋಗಿಗೇನು ಲಾಭ ಎಂದು ಕೇಳಿದವರು ಬಹಳ. ಅದರ ಮುಂದೆ ಕೂರುವ ನರ್ಸ್, ವೈದ್ಯರ ಹುರುಪು ಏನಾಗುತ್ತದೆ ಎಂಬುದು ಅಧ್ಯಯನದ ವಿಷಯವಾಗಲು ದಶಕಗಳೇ ಹಿಡಿದವು. ಈ ಹಾದಿಯಲ್ಲಿ ಕೇಳುವ ಪ್ರಶ್ನೆಯೇ ಬದಲಾಗುತ್ತ ಬಂದಿದೆ.

ಮೊದಲ ಪ್ರಶ್ನೆ: ಸಿಬ್ಬಂದಿ ಕಂಪ್ಯೂಟರನ್ನು ಒಪ್ಪುತ್ತಾರೆಯೇ? 1972ರಲ್ಲಿ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆ ರೋಗಿಗಳ ದಾಖಲೆಯನ್ನು ಕಂಪ್ಯೂಟರಿಗೆ ತಂದಾಗ, ವೈದ್ಯರ ನೆನಪಿನ ಭಾರ ಇಳಿಯುತ್ತದೆಂಬ ಆಸೆಯಿತ್ತು. 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ಒಂದು ಮಾದರಿ ಕೊಟ್ಟರು: ಉಪಯೋಗವಿದೆ, ಬಳಸಲು ಸುಲಭ ಎಂದು ಅನಿಸಿದರೆ ಜನ ತಂತ್ರಜ್ಞಾನವನ್ನು ಒಪ್ಪುತ್ತಾರೆ. 1999ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರ ಮೇಲೆ ಇದನ್ನು ಪರೀಕ್ಷಿಸಿದಾಗ, ಅವರಿಗೆ ಉಪಯೋಗ ಮುಖ್ಯವಾಗಿತ್ತು, ಸುಲಭವೋ ಕಷ್ಟವೋ ಎಂಬುದು ಅಷ್ಟಾಗಿ ಅಲ್ಲ. 2003ರಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆ, ವೈದ್ಯರ ಪ್ರತಿಭಟನೆಗೆ ಮಣಿದು ಔಷಧ ಆದೇಶಗಳ ತನ್ನ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿತು. ಆಗಲೂ ಆ ಪ್ರತಿಭಟನೆಯನ್ನು ಹಲವರು ಹೊಸತಿಗೆ ಒಗ್ಗದವರ ಹಟವೆಂದೇ ಬಗೆದರು.

ಆ ನೋಟ ಬದಲಾದದ್ದು 2009ರ ನಂತರ. ಡಿಜಿಟಲ್ ದಾಖಲೆಗೆ ಹಣ ಸುರಿಯುವ ಕಾನೂನು ಆ ವರ್ಷ ಅಮೆರಿಕದಲ್ಲಿ ಬಂತು. 2008ರಲ್ಲಿ ಅಲ್ಲಿನ ಹತ್ತರಲ್ಲಿ ಒಂದಕ್ಕೂ ಕಡಿಮೆ ಆಸ್ಪತ್ರೆಗಳಲ್ಲಿ ಇದ್ದ ವ್ಯವಸ್ಥೆ 2015ರ ಹೊತ್ತಿಗೆ ಶೇ 80ನ್ನು ದಾಟಿತು. ಒಪ್ಪುವ ಮಾತು ಮುಗಿದಿತ್ತು. ಈ ವ್ಯವಸ್ಥೆ ದುಡಿಯುವವರನ್ನು ಏನು ಮಾಡುತ್ತಿದೆ ಎಂಬ ಎರಡನೆಯ ಪ್ರಶ್ನೆ ಎದ್ದಿತು. 2013ರ ರ್‍ಯಾಂಡ್ ಸಂಶೋಧನಾ ಸಂಸ್ಥೆಯ ವರದಿಯಲ್ಲಿ ವೈದ್ಯರು ಕಾಗದಕ್ಕೆ ಮರಳಲು ಹಂಬಲಿಸಲಿಲ್ಲ, ಡೇಟಾ ಎಂಟ್ರಿ ರೋಗಿಯೊಡನೆ ಮಾತಾಡುವ ಹೊತ್ತನ್ನು ತಿನ್ನುತ್ತಿದೆ ಎಂದರು. 2016ರಲ್ಲಿ ಅಮೆರಿಕದ ವೈದ್ಯೆ ಕ್ರಿಸ್ಟೀನ್ ಸಿನ್ಸ್ಕಿ ತಂಡ 57 ವೈದ್ಯರ ದಿನಚರಿ ಅಳೆಯಿತು: ರೋಗಿಯೊಂದಿಗೆ ಕಳೆದ ಪ್ರತಿ ಗಂಟೆಗೆ ಕಂಪ್ಯೂಟರ್ ಮತ್ತು ಟೇಬಲ್ ಕೆಲಸಕ್ಕೆ ಹತ್ತಿರಹತ್ತಿರ ಎರಡು ಗಂಟೆ. ಮನೆಗೆ ಹೋದ ಮೇಲೂ ಒಂದೆರಡು ಗಂಟೆ.

ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ: ಪರದೆಯ ಮೇಲೆ ಏನಿರಬೇಕೆಂದು ಯಾರು ತೀರ್ಮಾನಿಸುತ್ತಾರೆ? ಹವಾಯಿಯಲ್ಲಿ ನಾಲ್ಕು ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಯೊಂದು 2017ರಲ್ಲಿ ಅನಗತ್ಯ ದಾಖಲಾತಿಯನ್ನು ಗುರುತಿಸಿ ಹೇಳಿ ಎಂದು ಸಿಬ್ಬಂದಿಯನ್ನೇ ಕೇಳಿತು. ಹಸುಗೂಸಿನ ಡಯಾಪರ್ ಬದಲಿಸಿದಾಗಲೆಲ್ಲ ಮೂರು ಸಲ ಕ್ಲಿಕ್ ಮಾಡಬೇಕಿದೆ, ಮೂತ್ರದ ಹಿಡಿತವಿದೆಯೇ ಎಂದು ಎಳೆ ಮಗುವಿನ ಬಗ್ಗೆಯೂ ದಾಖಲಿಸಬೇಕಿದೆ ಎಂದು ಒಬ್ಬ ನರ್ಸ್ ತೋರಿಸಿದರು. ಗಂಟೆಗೊಮ್ಮೆ ರೋಗಿಯನ್ನು ನೋಡಿ ಬಂದೆನೆಂದು ಒತ್ತಬೇಕಿದ್ದ ಕ್ಲಿಕ್ ತೆಗೆದದ್ದರಿಂದಲೇ ತಿಂಗಳಿಗೆ ಸುಮಾರು 1,700 ಗಂಟೆ ಉಳಿಯಿತು. ಯಂತ್ರ ಅದೇ. ದುಡಿಯುವವರ ಮಾತಿಗೆ ಬೆಲೆ ಬಂದಿತ್ತು.

ಕರ್ನಾಟಕದಲ್ಲಿ ಈ ಪ್ರಶ್ನೆ ಬೀದಿಗೇ ಬಂದಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರು, ತಾಯಿ-ಮಕ್ಕಳ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೂ ತಮ್ಮ ಪ್ರೋತ್ಸಾಹಧನಕ್ಕೂ ಇರುವ ನಂಟನ್ನು ಕಡಿಯಿರಿ ಎಂದು ಒತ್ತಾಯಿಸಿದರು. ಮನೆಮನೆ ಸುತ್ತಿ ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡೂ ಇಲ್ಲ ಎಂದಾದಾಗ ಹುರುಪು ಎಲ್ಲಿಂದ ಬರಬೇಕು?

ಈಗ ವೈದ್ಯ-ರೋಗಿ ಮಾತುಕತೆ ಕೇಳಿ ತಾನೇ ಟಿಪ್ಪಣಿ ಬರೆಯುವ ಕೃತಕ ಬುದ್ಧಿಮತ್ತೆ ಬಂದಿದೆ. ಬಳಲಿಕೆ ತಗ್ಗುತ್ತದೆಂದು ಆರಂಭದ ಅಧ್ಯಯನಗಳು ಹೇಳುತ್ತಿವೆ. ಆದರೆ ಅತೃಪ್ತಿ ನೀಗಿದ ಮಾತ್ರಕ್ಕೆ ತೃಪ್ತಿ ಸಿಗದು ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು. ಉಳಿದ ಸಮಯ ರೋಗಿಯ ಮಾತು ಕೇಳಲು ಸಿಗಬೇಕು. ಅದೂ ಇನ್ನಷ್ಟು ರೋಗಿಗಳ ಟೋಕನ್ ಕರೆಯಲು ಹೋದರೆ ಬಳಲಿಕೆ ಮರಳುತ್ತದೆ.

ಇದುವರೆಗಿನ ಸಂಶೋಧನೆ ಹೆಚ್ಚಾಗಿ ಅಮೆರಿಕದ ವೈದ್ಯರ ಸುತ್ತಲೇ ನಡೆದಿದೆ. ನಮ್ಮ ಜಿಲ್ಲಾ ಆಸ್ಪತ್ರೆಯ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಡೇಟಾ ಎಂಟ್ರಿ ಆಪರೇಟರ್‌ಗಳ ಅನುಭವವೂ ದಾಖಲಾಗಬೇಕು. ಸಾಫ್ಟ್‌ವೇರಿಗೆ ಟೆಂಡರ್ ಕರೆಯುವ ಮುನ್ನ ಅದನ್ನು ರಾತ್ರಿ ಪಾಳಿಯ ನರ್ಸ್ ಕೈಗೆ ಕೊಟ್ಟು ನೋಡಬೇಕು, ಬೇಡವೆಂದ ಕಾಲಂ ಅಳಿಸುವ ಅಧಿಕಾರ ಆಕೆಗಿರಬೇಕು.