'ಮೆಮೆಂಟೊ' ನೋಡಿದವರ ಜಗಳ: ಕಾಲು ಶತಮಾನದ ಒಂದು ಚರಿತ್ರೆ

ಇವತ್ತಿನ ಸಂಚಿಕೆ ಒಂದು ಸಿನಿಮಾದ ಬಗ್ಗೆ. ಸಿನಿಮಾಕ್ಕಿಂತ ಹೆಚ್ಚಾಗಿ, ಅದನ್ನು ನೋಡಿದವರ ಬಗ್ಗೆ.

ಕ್ರಿಸ್ಟೋಫರ್ ನೋಲನ್ ಅವರ 'ಮೆಮೆಂಟೊ' ಬಂದು ಕಾಲು ಶತಮಾನ ಆಯ್ತು. ಅಷ್ಟು ವರ್ಷದಿಂದಲೂ ಅದನ್ನು ನೋಡಿ ಎದ್ದವರು ಒಂದೇ ಥರ ಜಗಳ ಆಡ್ತಿದ್ದಾರೆ. ಒಬ್ಬರು ಅದ್ಭುತ ಅಂತಾರೆ. ಇನ್ನೊಬ್ಬರು, "ಬರೀ ಗಿಮಿಕ್, ನೆಟ್ಟಗೆ ಜೋಡಿಸಿದ್ರೆ ಕಥೆಯೇ ಇಲ್ಲ" ಅಂತಾರೆ. ಮತ್ತೊಬ್ಬರು ನಿಜ ಒಪ್ಪಿಕೊಂಡು, "ನಂಗೆ ಅರ್ಥ ಆಗ್ಲಿಲ್ಲ ಮಾರಾಯ್ರೆ" ಅಂತಾರೆ. ಈ ಮೂರು ಮಾತುಗಳ ಹಿಂದೆ ಒಂದು ಚರಿತ್ರೆ ಇದೆ. ಇನ್ನೂ ಸಿನಿಮಾ ನೋಡಿಲ್ಲ ಅನ್ನೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ. ಮುಂದೆ ಕ್ಲೈಮ್ಯಾಕ್ಸ್ ಸಮೇತ ಎಲ್ಲ ಹೇಳಿಬಿಡ್ತೀನಿ.

ಮೊದಲು ಕಥೆ. ಲೆನರ್ಡ್ ಶೆಲ್ಬಿ ಅನ್ನೋನು ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡ್ತಿದ್ದವನು. ಮನೆಗೆ ನುಗ್ಗಿದವರು ಅವನ ಹೆಂಡತಿಯ ಮೇಲೆ ದಾಳಿ ಮಾಡ್ತಾರೆ, ಇವನ ತಲೆಗೆ ಪೆಟ್ಟು ಬೀಳುತ್ತೆ. ಹಳೆಯದೆಲ್ಲ ನೆನಪಿದೆ, ಹೊಸದು ಯಾವುದೂ ನಿಲ್ಲಲ್ಲ. ಕೆಲವೇ ನಿಮಿಷಕ್ಕೆ ಎಲ್ಲ ಅಳಿಸಿಹೋಗುತ್ತೆ. ಹೆಂಡತಿಯನ್ನು ಕೊಂದವನನ್ನು ಹುಡುಕಬೇಕು ಅನ್ನೋ ಹಟ ಮಾತ್ರ ಉಳಿದಿದೆ. ಅದಕ್ಕೆ ಪೊಲರಾಯ್ಡ್ ಫೋಟೊ ತೆಗೆದು ಕೆಳಗೆ ಬರೆದಿಡ್ತಾನೆ, ಮುಖ್ಯವಾದದ್ದನ್ನು ಮೈಮೇಲೆ ಹಚ್ಚೆ ಹಾಕಿಸ್ಕೊಳ್ತಾನೆ.

ಇದನ್ನು ಹೇಳಿರೋ ರೀತಿ ವಿಚಿತ್ರ. ಬಣ್ಣದ ದೃಶ್ಯಗಳು ಹಿಂದುಮುಂದಾಗಿ ಓಡ್ತವೆ, ಕೊನೆಯದು ಮೊದಲು. ನಡುನಡುವೆ ಬರೋ ಕಪ್ಪು-ಬಿಳುಪು ದೃಶ್ಯಗಳು ಸರಿಯಾದ ಕ್ರಮದಲ್ಲೇ ಹೋಗ್ತವೆ. ಕೊನೆಗೆ ಒಂದು ಕಡೆ ಎರಡೂ ಸೇರ್ತವೆ. ಹೀಗಾಗಿ ಪ್ರತಿ ಬಣ್ಣದ ದೃಶ್ಯ ಶುರುವಾದಾಗ, ಇದಕ್ಕಿಂತ ಮುಂಚೆ ಏನಾಯ್ತು ಅಂತ ಲೆನರ್ಡ್‌ಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಈ ಚಿತ್ರದ ಮೊಟ್ಟಮೊದಲ ಪ್ರೇಕ್ಷಕರಲ್ಲಿ ಅದನ್ನು ಕೊಳ್ಳಲು ಬಂದ ವಿತರಕರೂ ಇದ್ದರು. 2000ದ ಮಾರ್ಚ್‌ನಲ್ಲಿ ಅಮೆರಿಕದ ವಿತರಣಾ ಕಂಪನಿಗಳಿಗೆ ಚಿತ್ರ ತೋರಿಸಿದರು. ಹೆಚ್ಚಿನವರಿಗೆ ಇಷ್ಟವಾಯಿತು, ನೋಲನ್ ಪ್ರತಿಭಾವಂತ ಅಂತ ಹೊಗಳಿದರು. ಆದರೆ ಕೊಳ್ಳಲಿಲ್ಲ. ಕಾರಣ ಒಂದೇ: "ನಮಗೇನೋ ಅರ್ಥ ಆಯ್ತು, ಜನಕ್ಕೆ ಆಗಲ್ಲ" ಅನ್ನೋ ಧಾಟಿ. ಇಂಥ ಚಿತ್ರಕ್ಕೂ ವಿತರಕರು ಸಿಗಲಿಲ್ಲವಲ್ಲ ಅಂತ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಬಹಿರಂಗವಾಗೇ ಬೇಸರ ತೋಡಿಕೊಂಡರು. ಕೊನೆಗೆ ಹಣ ಹೂಡಿದ್ದ ನ್ಯೂಮಾರ್ಕೆಟ್ ಕಂಪನಿಯೇ ವಿತರಣೆಗೂ ಇಳಿಯಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. 2001ರ ಮಾರ್ಚ್ 16ರಂದು ಅಮೆರಿಕದಲ್ಲಿ ಬಿಡುಗಡೆಯಾದಾಗ ಸಿಕ್ಕಿದ್ದು ಬರೀ 11 ಚಿತ್ರಮಂದಿರ. ಮುಂದೆ ಅದು 500ನ್ನೂ ದಾಟಿತು. ಅಮೆರಿಕ ಒಂದರಲ್ಲೇ ಸುಮಾರು 2.5 ಕೋಟಿ ಡಾಲರ್ ಗಳಿಕೆ. ಚಿತ್ರಕಥೆಗೆ, ಸಂಕಲನಕ್ಕೆ ಆಸ್ಕರ್ ನಾಮನಿರ್ದೇಶನ. "ಜನಕ್ಕೆ ಅರ್ಥ ಆಗಲ್ಲ" ಅಂದವರ ಲೆಕ್ಕವನ್ನು ಜನರೇ ತಲೆಕೆಳಗು ಮಾಡಿದರು.

ಹಾಗಂತ ಎಲ್ಲರಿಗೂ ಅರ್ಥ ಆಗಿತ್ತು ಅಂತೇನಿಲ್ಲ. ಬಹಳ ಜನ ಒಗಟು ಬಿಡಿಸೋಕೆ ಕೂತರು. 2001ರಲ್ಲೇ 'ಸಲೋನ್' ಪತ್ರಿಕೆಯಲ್ಲಿ ಆಂಡಿ ಕ್ಲೈನ್ ಅನ್ನೋ ವಿಮರ್ಶಕ ಇಡೀ ಚಿತ್ರವನ್ನು ಬಿಡಿಬಿಡಿಯಾಗಿ ಬಿಚ್ಚಿ, ಕಪ್ಪು-ಬಿಳುಪು ದೃಶ್ಯಗಳಿಗೆ 1ರಿಂದ 22ರವರೆಗೆ ಅಂಕಿ, ಬಣ್ಣದವಕ್ಕೆ 'ಎ'ಯಿಂದ 'ವಿ'ವರೆಗೆ ಅಕ್ಷರ ಕೊಟ್ಟು ವಿವರಿಸಿದರು. 2002ರ ವಿಶೇಷ ಡಿವಿಡಿಯಲ್ಲಿ ಇನ್ನೊಂದು ತಮಾಷೆ ಇತ್ತು. ಒಳಗೆಲ್ಲೋ ಅಡಗಿಸಿಟ್ಟ ಆಯ್ಕೆಯನ್ನು ಪತ್ತೆ ಮಾಡಿದ್ರೆ, ಇಡೀ ಕಥೆಯನ್ನು ನೆಟ್ಟಗೆ, ನಡೆದ ಕ್ರಮದಲ್ಲೇ ನೋಡಬಹುದಿತ್ತು. ಇವತ್ತು ಯೂಟ್ಯೂಬ್‌ನಲ್ಲಿ 'ಎಂಡಿಂಗ್ ಎಕ್ಸ್‌ಪ್ಲೇನ್ಡ್' ವಿಡಿಯೊ ನೋಡ್ತೀವಲ್ಲ, ಆ ಚಟದ ಹಿರಿಯಣ್ಣ ಇದು.

ಕನ್ನಡದವರು ಇಲ್ಲಿ 'ಎ' ನೆನಪಿಸ್ಕೊಳ್ಳೋದು ಸಹಜ. ಉಪೇಂದ್ರ ಅವರ 'ಎ' ಬಂದಿದ್ದು 1998ರಲ್ಲಿ, 'ಮೆಮೆಂಟೊ'ಗಿಂತ ಮುಂಚೆ. ಅದರ ವಿಷಯ ಮರೆವಲ್ಲ. ಆದರೆ ಅಲ್ಲೂ ಕಥೆ ಹಿಂದುಮುಂದು, ಅಲ್ಲೂ 'ಬುದ್ಧಿವಂತರಿಗೆ ಮಾತ್ರ' ಅನ್ನೋ ಸವಾಲು. ಅರ್ಥ ಆಗಲಿಲ್ಲ ಅಂತ ಬೈಕೊಂಡೇ ಇನ್ನೊಂದು ಸಲ ನೋಡೋ ಪ್ರೇಕ್ಷಕ ನಮಗೇನೂ ಹೊಸಬನಲ್ಲ.

'ಮೆಮೆಂಟೊ'ದ ವಿಷಯ ನಮ್ಮ ಕಡೆಯ ಬಹಳ ಜನಕ್ಕೆ ತಲುಪಿದ್ದು 'ಗಜಿನಿ' ಮೂಲಕ. 2005ರಲ್ಲಿ ಸೂರ್ಯ ನಟಿಸಿದ ತಮಿಳು ಚಿತ್ರ, 2008ರಲ್ಲಿ ಆಮೀರ್ ಖಾನ್ ನಟಿಸಿದ ಹಿಂದಿ ಚಿತ್ರ, ಎರಡಕ್ಕೂ ಎ.ಆರ್. ಮುರುಗದಾಸ್ ನಿರ್ದೇಶಕರು. ಹಚ್ಚೆ, ಫೋಟೊ, ಸೇಡು ಎಲ್ಲ ಅಲ್ಲೂ ಇದೆ. ಆದರೆ 'ಗಜಿನಿ'ಯಲ್ಲಿ ನಾಯಕನಿಗೆ ಮರೆತುಹೋದದ್ದು ಪ್ರೇಕ್ಷಕನಿಗೆ ಗೊತ್ತಾಗುತ್ತೆ. ಫ್ಲ್ಯಾಷ್‌ಬ್ಯಾಕ್ ಎಲ್ಲ ಹೇಳುತ್ತೆ, ವಿಲನ್ ಯಾರು ಅನ್ನೋದರಲ್ಲಿ ಅನುಮಾನವೇ ಇಲ್ಲ. ನಾವು ನಾಯಕನ ಜೊತೆ ನಿಂತು ಅಳ್ತೀವಿ, ಆಮೇಲೆ ಸಿಳ್ಳೆ ಹಾಕ್ತೀವಿ. 'ಮೆಮೆಂಟೊ' ಆ ನೆಮ್ಮದಿ ಕೊಡಲ್ಲ.

ಈಗ ಮೊದಲನೇ ತಕರಾರಿಗೆ ಬರೋಣ: "ನೆಟ್ಟಗೆ ಜೋಡಿಸಿದ್ರೆ ಕಥೆಯೇ ಇಲ್ಲ." ನಾನು ಎರಡೂ ಕ್ರಮದಲ್ಲಿ ನೋಡಿದೀನಿ, ಅದಕ್ಕೇ ಒಂದು ಉದಾಹರಣೆ ಹೇಳ್ತೀನಿ. ನಟಾಲಿ ಅನ್ನೋ ಹೆಂಗಸು ಮುಖದಲ್ಲಿ ಗಾಯ ಮಾಡ್ಕೊಂಡು ಒಳಗೆ ಬರ್ತಾಳೆ, ಡಾಡ್ ಅನ್ನೋನು ಹೊಡೆದ ಅಂತಾಳೆ. ನಾವು ನಂಬ್ತೀವಿ, ಅಯ್ಯೋ ಪಾಪ ಅಂತೀವಿ. ಲೆನರ್ಡ್ ಆ ಡಾಡ್‌ನನ್ನು ಹುಡುಕ್ಕೊಂಡು ಹೋದದ್ದು ಸರಿ ಅನ್ಸುತ್ತೆ. ಮುಂದಿನ ಬಣ್ಣದ ದೃಶ್ಯದಲ್ಲಿ, ಅಂದ್ರೆ ಅದಕ್ಕೂ ಮುಂಚೆ ನಡೆದದ್ದರಲ್ಲಿ, ಗೊತ್ತಾಗುತ್ತೆ: ಅವಳೇ ಮನೆಯ ಪೆನ್ನೆಲ್ಲ ಎತ್ತಿಟ್ಟು, ಇವನನ್ನು ಬಾಯಿಗೆ ಬಂದಹಾಗೆ ಕೆಣಕಿ ಹೊಡೆಸ್ಕೊಂಡಿದ್ದಾಳೆ. ಆಚೆ ಹೋಗಿ ಕಾರಿನಲ್ಲಿ ಕೂತು, ಇವನು ಮರೆಯೋವರೆಗೆ ಕಾದು, ವಾಪಸ್ ಬಂದಿದ್ದಾಳೆ.

ಇದೇ ದೃಶ್ಯವನ್ನು ನೆಟ್ಟಗೆ ನೋಡಿದ್ರೆ, ಅವಳು ಒಳಗೆ ಬರೋ ಮೊದಲೇ ನಮಗೆ ಎಲ್ಲ ಗೊತ್ತು. ಲೆನರ್ಡ್ ಮೋಸ ಹೋಗೋದನ್ನು ದೂರದಿಂದ ನೋಡಿ, "ಎಂಥ ಪೆದ್ದ" ಅಂತೀವಿ. ಹಿಂದುಮುಂದು ನೋಡಿದಾಗ ಮೋಸ ಹೋಗಿದ್ದು ನಾವೇ. ಒಂದರಲ್ಲಿ ರೋಗಿಯ ಬಗ್ಗೆ ತೀರ್ಪು ಕೊಡ್ತೀವಿ, ಇನ್ನೊಂದರಲ್ಲಿ ರೋಗಿಯ ಜಾಗದಲ್ಲಿ ಕೂತಿರ್ತೀವಿ. ಅರ್ಥ ಆಗ್ಲಿಲ್ಲ ಅಂದವರು ಸೋತವರಲ್ಲ. ಲೆನರ್ಡ್ ಇರೋ ಸ್ಥಿತಿಯನ್ನೇ ಅವರು ನಮಗೆ ವರದಿ ಮಾಡ್ತಿದ್ದಾರೆ.

ಎರಡನೇ ತಕರಾರು ವಿಮರ್ಶಕ ರೋಜರ್ ಈಬರ್ಟ್ ಅವರದು. ಎರಡು ಸಲ ನೋಡಿದ ಅವರು ಕೇಳಿದ ಪ್ರಶ್ನೆಯ ಸಾರಾಂಶ ಇದು: ಹೊಸದೇನೂ ನೆನಪಿಲ್ಲದವನಿಗೆ ತನಗೆ ಮರೆವಿನ ಕಾಯಿಲೆ ಇದೆ ಅನ್ನೋದು ಹೇಗೆ ನೆನಪಿದೆ? ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸಿನಿಮಾದಿಂದ ಆಚೆ, ಆಸ್ಪತ್ರೆಗೆ ಹೋಗಬೇಕು.

1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಅನ್ನೋ 27ರ ಯುವಕನಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಆಯ್ತು. ತೀವ್ರವಾದ ಮೂರ್ಛೆರೋಗಕ್ಕೆ ಪರಿಹಾರ ಅಂತ ವಿಲಿಯಂ ಸ್ಕೊವಿಲ್ ಅನ್ನೋ ವೈದ್ಯರು ಮೆದುಳಿನ ಎರಡೂ ಕಡೆಯಿಂದ ಹಿಪ್ಪೊಕ್ಯಾಂಪಸ್ ಇರೋ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಹೊಸ ನೆನಪು ಕಟ್ಟೋ ಶಕ್ತಿಯೂ ಹೋಯಿತು. 2008ರಲ್ಲಿ ಸಾಯುವವರೆಗೂ ಜಗತ್ತಿಗೆ ಅವರು ಬರೀ 'ಎಚ್.ಎಂ.' ಅವರನ್ನು ಅಭ್ಯಾಸ ಮಾಡಿದ ಬ್ರೆಂಡಾ ಮಿಲ್ನರ್, ಕನ್ನಡಿಯಲ್ಲಿ ನೋಡ್ತಾ ನಕ್ಷತ್ರದ ಗೆರೆ ತಿದ್ದೋ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಇದೇ ಕೆಲಸ ಮಾಡಿದ್ದು ಅವರಿಗೆ ಗೊತ್ತೇ ಇರಲಿಲ್ಲ. ತನ್ನ ನೆನಪಿನಲ್ಲಿ ಏನೋ ಕೊರತೆ ಇದೆ ಅನ್ನೋ ಅರಿವು ಮಾತ್ರ ಇತ್ತು. ಈಬರ್ಟ್ ಪ್ರಶ್ನೆಗೆ ಇದು ಒಂದು ಉತ್ತರ. ಘಟನೆ ಅಳಿಸಿಹೋಗಬಹುದು, ಮತ್ತೆ ಮತ್ತೆ ಆದದ್ದು ಬೇರೆ ದಾರಿಯಲ್ಲಿ ಒಳಗೆ ಇಳಿಯಬಹುದು.

ಇದಕ್ಕೂ ಹಳೆಯ ಕಥೆ ಒಂದಿದೆ. ಸ್ವಿಟ್ಜರ್ಲೆಂಡ್‌ನ ಎಡುವಾರ್ ಕ್ಲಾಪಾರೆಡ್ ಅನ್ನೋ ವೈದ್ಯ 1911ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಮರೆವಿನ ರೋಗಿಯೊಬ್ಬಳಿಗೆ ಕೈಕುಲುಕುವಾಗ, ಬೆರಳಿನ ನಡುವೆ ಸೂಜಿ ಇಟ್ಕೊಂಡು ಚುಚ್ಚಿದರು. ಅವಳು ಅದನ್ನು ಮರೆತಳು. ಆದರೆ ಮುಂದಿನ ಸಲ ಅವರು ಕೈ ಚಾಚಿದಾಗ ತನ್ನ ಕೈ ಹಿಂದಕ್ಕೆಳೆದಳು. 'ಮೆಮೆಂಟೊ'ದಲ್ಲಿ ಸ್ಯಾಮಿ ಅನ್ನೋ ರೋಗಿಗೆ ಕರೆಂಟ್ ಹೊಡೆಸೋ ಪರೀಕ್ಷೆ ಮಾಡ್ತಾರಲ್ಲ, ಅದರ ಹಿಂದಿರೋ ತಿಳಿವಳಿಕೆ ಇದೇ. ಅದಕ್ಕೇ ಇರಬೇಕು, ಸಿನಿಮಾಗಳಲ್ಲಿ ತೋರಿಸೋ ಮರೆವನ್ನು ಹೆಚ್ಚಾಗಿ ಟೀಕಿಸಿದ ಬ್ರಿಟನ್ನಿನ ನರಮನೋವಿಜ್ಞಾನಿ ಸ್ಯಾಲಿ ಬ್ಯಾಕ್ಸೆಂಡೇಲ್, 2004ರ ಲೇಖನದಲ್ಲಿ 'ಮೆಮೆಂಟೊ'ವನ್ನು ಮೆಚ್ಚಿ ಬರೆದರು.

ಮೂರನೇ ಥರದ ಪ್ರೇಕ್ಷಕರು ನಮ್ಮ ದೊಡ್ಡಮ್ಮ. ಅವರು ಈ ಸಿನಿಮಾ ಪೂರ್ತಿ ನೋಡಿಲ್ಲ, ನಾನು ಕಥೆ ಹೇಳಿದ್ದು ಅಷ್ಟೇ. ದೊಡ್ಡಪ್ಪನಿಗೆ ಅಲ್ಝೈಮರ್. ಅದು ಲೆನರ್ಡ್‌ನ ಕಾಯಿಲೆ ಅಲ್ಲ, ಬೇರೆಯೇ. ಆದರೂ ಕಥೆ ಕೇಳಿ ದೊಡ್ಡಮ್ಮ ಅಂದರು: "ಚೀಟಿ, ಫೋಟೊ ಎಲ್ಲ ಇರಲಿ ಕಣೋ. ಬೆಳಗ್ಗೆ ಯಾರು ರೇಗಿದ್ರು ಅಂತ ನಿಮ್ಮ ದೊಡ್ಡಪ್ಪನಿಗೆ ಮಧ್ಯಾಹ್ನಕ್ಕೆ ನೆನಪಿರಲ್ಲ. ಆದ್ರೆ ಸಾಯಂಕಾಲದವರೆಗೂ ಮುಖ ಸಣ್ಣಗಿರುತ್ತೆ."

ಈ ಮಾತಿಗೆ ವಿಜ್ಞಾನದ ಬೆಂಬಲ ಇದೆ, ಅದೂ ಸಿನಿಮಾ ತುಣುಕುಗಳ ಮೂಲಕ. 2010ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು, ಹಿಪ್ಪೊಕ್ಯಾಂಪಸ್‌ಗೆ ಹಾನಿಯಾಗಿದ್ದ 5 ರೋಗಿಗಳಿಗೆ ದುಃಖದ, ಸಂತೋಷದ ದೃಶ್ಯಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದೇನು ಅನ್ನೋದು ಬಹುಪಾಲು ಮರೆತುಹೋಗಿತ್ತು. ದುಃಖ ಮಾತ್ರ ಉಳಿದೇ ಇತ್ತು, ಸಂತೋಷವೂ ಕೂಡ. 2014ರಲ್ಲಿ ಅಲ್ಲಿನವರೇ ಅಲ್ಝೈಮರ್ ಇರುವವರಿಗೂ ಇಂಥದ್ದೇ ದೃಶ್ಯ ತೋರಿಸಿದಾಗಲೂ ಭಾವನೆ ನೆನಪಿಗಿಂತ ಹೆಚ್ಚು ಬಾಳಿತು. ಕಥೆ ಹೋಗಿ, ಕಥೆ ತಂದ ನೋವು ಉಳಿಯಿತು.

ಇದನ್ನು ಓದಿದ ಮೇಲೆ 'ಮೆಮೆಂಟೊ'ದ ಕೊನೆ ನಂಗೆ ಬೇರೆ ಥರ ಕಾಣುತ್ತೆ. ಅಲ್ಲಿ ಟೆಡ್ಡಿ ಹೇಳ್ತಾನೆ: ನೀನು ಹುಡುಕ್ತಿರೋ ಮನುಷ್ಯನನ್ನು ಯಾವಾಗಲೋ ಕೊಂದಾಯ್ತು, ನಿನಗೆ ನೆನಪಿಲ್ಲ ಅಷ್ಟೇ. ಟೆಡ್ಡಿ ಹೇಳೋದು ಎಷ್ಟು ನಿಜ, ಜನ ಇನ್ನೂ ವಾದ ಮಾಡ್ತಿದ್ದಾರೆ. ಆದರೆ ಆಮೇಲೆ ಲೆನರ್ಡ್ ಮಾಡೋದರಲ್ಲಿ ಅನುಮಾನ ಇಲ್ಲ. ಟೆಡ್ಡಿಯ ಕಾರಿನ ನಂಬರನ್ನು ಬೇಕಂತಲೇ ಕೊಲೆಗಾರನ ಸುಳಿವು ಅಂತ ಬರೆದಿಟ್ಕೊಳ್ತಾನೆ, ಸ್ವಲ್ಪ ಹೊತ್ತಿಗೆ ಇದು ಮರೆಯುತ್ತೆ ಅಂತ ಗೊತ್ತಿದ್ದೇ. ಸೇಡು ತೀರಿದ್ದು ಮರೆತಿದೆ, ಸಿಟ್ಟು ಇನ್ನೂ ಬಿಸಿಯಾಗಿದೆ. ಆ ಸಿಟ್ಟಿಗೆ ಯಾರೋ ಒಬ್ಬರು ಬೇಕು.

ನಿಜ ಜೀವನದ ರೋಗಿಯೊಬ್ಬರ ಚೀಟಿಗಳು ಹೇಗಿದ್ದವು ಗೊತ್ತಾ? ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ 1985ರಲ್ಲಿ ಮೆದುಳಿನ ಸೋಂಕಿನಿಂದ ನೆನಪು ಕಳ್ಕೊಂಡರು. ಈಗಷ್ಟೇ ಮೊದಲ ಸಲ ಎಚ್ಚರವಾಯಿತು ಅಂತ ದಿನಚರಿಯಲ್ಲಿ ಬರೀತಿದ್ದರು. ಸ್ವಲ್ಪ ಹೊತ್ತಿಗೆ ಅದನ್ನೇ ಸುಳ್ಳು ಅಂತ ಹೊಡೆದುಹಾಕಿ, ಕೆಳಗೆ ಮತ್ತೆ ಅದನ್ನೇ ಬರೀತಿದ್ದರು. ತನ್ನದೇ ಅಕ್ಷರವನ್ನು ಅವರು ನಂಬಲಿಲ್ಲ. ಲೆನರ್ಡ್ ಕಣ್ಣುಮುಚ್ಚಿ ನಂಬ್ತಾನೆ. ಫೋನ್ ತುಂಬ ಹಳೇ ಸ್ಕ್ರೀನ್‌ಶಾಟ್ ಇಟ್ಕೊಂಡು, ಯಾವ ಮಾತಿಗೆ ಆ ಉತ್ತರ ಬಂತು ಅನ್ನೋದು ಮರೆತು, ಬರೀ ಸಿಟ್ಟನ್ನು ಉಳಿಸ್ಕೊಂಡಿರೋ ನಾವು ಲೆನರ್ಡ್‌ಗೇ ಹತ್ತಿರ ಅನ್ಸುತ್ತೆ.

2017ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ಜಗಳ ಅಲ್ಲಿಗೂ ಮುಗಿದಿಲ್ಲ, ಮುಗಿಯೋದೂ ಬೇಡ. ನನ್ನ ಮಟ್ಟಿಗೆ, ದೃಶ್ಯಗಳ ಕ್ರಮ ಹೇಳಬಲ್ಲವರಿಗಿಂತ ದೊಡ್ಡಮ್ಮನೇ ಈ ಚಿತ್ರವನ್ನು ಚೆನ್ನಾಗಿ ಅರ್ಥ ಮಾಡ್ಕೊಂಡವರು. ಮನೆಯಲ್ಲಿ ಮರೆವಿನವರು ಯಾರಾದ್ರೂ ಇದ್ರೆ, "ಹೆಂಗೂ ಮರೀತಾರೆ ಬಿಡು" ಅಂತ ಅವರ ಮೇಲೆ ರೇಗೋ ಮುಂಚೆ ದೊಡ್ಡಮ್ಮನ ಮಾತು ನೆನಪಿಸ್ಕೊಳ್ಳಿ. ಅವರ ಜೊತೆ ನಗ್ತಾ ಕಳೆದ ಅರ್ಧ ಗಂಟೆಯೂ ಹಾಗೇ ಉಳಿಯುತ್ತೆ.

ನೀವು 'ಮೆಮೆಂಟೊ' ನೋಡಿದ್ರೆ, ಟೆಡ್ಡಿಯನ್ನು ನಂಬಿದ್ರಾ ಇಲ್ವಾ ಅಂತ ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ.